ಹಳೆ ಕಾರಿನ ಬ್ರೇಕ್ ಪೆಡಲ್ ಕಲ್ಲಾಗಿದೆಯಾ? ಬೂಸ್ಟರ್ ಬಿಚ್ಚುವ ಮೊದಲು ಇಷ್ಟು ನೋಡಿ

ನಮ್ಮ ಮನೆಯ ಕಾಂಟೆಸ್ಸಾದ ಬ್ರೇಕ್ ಪೆಡಲ್ ಒಂದು ದಿನ ಕಲ್ಲಿನ ಹಾಗಾಯಿತು. ಇಡೀ ಮೈಭಾರ ಹಾಕಿ ಒತ್ತಿದರೆ ಮಾತ್ರ ಗಾಡಿ ನಿಲ್ಲುತ್ತಿತ್ತು. ಗ್ಯಾರೇಜಿನಲ್ಲಿ ನೋಡಿದ ಕೂಡಲೇ "ಬೂಸ್ಟರ್ ಹೋಗಿದೆ ಸಾರ್" ಅಂದರು. ಬ್ರೇಕ್ ಒತ್ತುವಾಗ ಕಾಲಿಗೆ ಸಹಾಯ ಮಾಡುವ ಡಬ್ಬಿ ಅದು. ಬೆಂಗಳೂರಿನ ಜೆ.ಸಿ. ರಸ್ತೆಯೆಲ್ಲ ಅಲೆದು ಇನ್ನೊಂದು ಬೂಸ್ಟರ್ ಹುಡುಕಿ ತಂದು ಹಾಕಿಸಿದೆ. ದುಡ್ಡು ಹೋಯಿತು, ಮೂರು ವಾರವೂ ಹೋಯಿತು. ಪೆಡಲ್ ಮಾತ್ರ ಹಾಗೇ ಇತ್ತು. ಕೊನೆಗೆ ಸಿಕ್ಕಿದ್ದು ಎಂಜಿನ್‌ನಿಂದ ಬೂಸ್ಟರ್‌ಗೆ ಹೋಗುವ ರಬ್ಬರ್ ಪೈಪಿನ ತಪ್ಪು. ಹಿಂದೆ ಯಾರೋ ಅಲ್ಲಿ ನೀರಿನ ಪೈಪಿನ ತುಂಡು ಹಾಕಿದ್ದರು. ತಣ್ಣಗಿದ್ದಾಗ ಚೆನ್ನಾಗೇ ಕಾಣುತ್ತಿತ್ತು. ಎಂಜಿನ್ ಬಿಸಿಯಾದ ಮೇಲೆ ಮೆತ್ತಗಾಗಿ, ಒಳಗಿನ ಎಳೆತಕ್ಕೆ ಚಪ್ಪಟೆಯಾಗಿ ಅಂಟಿಕೊಳ್ಳುತ್ತಿತ್ತು.

ಆಮೇಲೆ ಗೆಳೆಯರ ಹಳೆ ಗಾಡಿಗಳಲ್ಲೂ ಇಂಥದ್ದನ್ನೇ ಮತ್ತೆ ಮತ್ತೆ ನೋಡಿದ್ದೇನೆ. ದೂರು ಬೂಸ್ಟರ್ ಮೇಲೆ, ತಪ್ಪು ಇನ್ನೆಲ್ಲೋ. ಹಳೆ ಕಾರಿಗೆ ಬೂಸ್ಟರ್ ಸುಲಭವಾಗಿ ಸಿಗುವುದಿಲ್ಲ. ಹಾಗಾಗಿ ಮೊದಲು ಗಾಳಿಯ ದಾರಿ ನೋಡಿ, ಬೂಸ್ಟರ್ ಬಿಚ್ಚುವುದನ್ನು ಕೊನೆಗಿಟ್ಟುಕೊಳ್ಳಿ.

ಬೂಸ್ಟರ್ ಒಳಗೆ ಏನು ನಡೆಯುತ್ತದೆ

ಬಾನೆಟ್ ತೆಗೆದರೆ ಡ್ರೈವರ್ ಮುಂದಿನ ಗೋಡೆಗೆ ಅಂಟಿಕೊಂಡಿರುವ ಕಪ್ಪು ಡಬ್ಬಿಯೇ ಬೂಸ್ಟರ್. ಅದರೊಳಗೆ ಒಂದು ರಬ್ಬರ್ ಡಯಾಫ್ರಮ್ ಇದೆ. ಅದು ಡಬ್ಬಿಯನ್ನು ಎರಡು ಕೋಣೆ ಮಾಡುತ್ತದೆ. ಕಾಲು ಇಡದಿದ್ದಾಗ ಎರಡೂ ಕೋಣೆಯ ಗಾಳಿಯನ್ನು ಎಂಜಿನ್ ಎಳೆದುಕೊಂಡಿರುತ್ತದೆ. ಪೆಡಲ್ ಒತ್ತಿದಾಗ ಹಿಂದಿನ ಕೋಣೆಗೆ ಹೊರಗಿನ ಗಾಳಿ ನುಗ್ಗುತ್ತದೆ. ಮುಂದಿನ ಕೋಣೆ ಖಾಲಿಯೇ ಇರುತ್ತದೆ. ಆ ವ್ಯತ್ಯಾಸದಿಂದ ಡಯಾಫ್ರಮ್ ಮುಂದಕ್ಕೆ ಸರಿದು ಮಾಸ್ಟರ್ ಸಿಲಿಂಡರ್ ರಾಡನ್ನು ತಳ್ಳುತ್ತದೆ. ಬ್ರೇಕ್ ಆಯಿಲನ್ನು ಚಕ್ರಗಳ ಕಡೆಗೆ ಒತ್ತುವುದು ಈ ಸಿಲಿಂಡರ್.

ಈ ತಳ್ಳು ಸಣ್ಣದಲ್ಲ. 8 ಇಂಚು ಅಗಲದ ಡಯಾಫ್ರಮ್ ಇದ್ದು, ಎಳೆತ (ವ್ಯಾಕ್ಯೂಮ್) ಪಾದರಸದ ಲೆಕ್ಕದಲ್ಲಿ 20 ಇಂಚು ಇದ್ದರೆ ಹತ್ತಿರ ಹತ್ತಿರ 225 ಕೆಜಿ ಬಲ ಬರುತ್ತದೆ. ಎಳೆತ ನಿಂತರೆ ಆ ಬಲ ಇರುವುದಿಲ್ಲ, ನಿಮ್ಮ ಕಾಲೇ ಜಾಸ್ತಿ ಒತ್ತಬೇಕು. ಬ್ರೇಕ್ ಪೂರ್ತಿ ಹೋಗಿರುವುದಿಲ್ಲ, ಸಹಾಯ ಹೋಗಿರುತ್ತದೆ. ಬೂಸ್ಟರ್ ಕೆಟ್ಟರೆ ಪೆಡಲ್ ಗಟ್ಟಿಯಾಗುತ್ತದೆ, ಮೆತ್ತಗಾಗುವುದಿಲ್ಲ. ಇದೊಂದನ್ನು ನೆನಪಿಟ್ಟರೆ ಅರ್ಧ ಗೊಂದಲ ಹೋಗುತ್ತದೆ.

ಇನ್ನೊಂದು ಮಾತು. ಹಳೆಯ ಪ್ರೀಮಿಯರ್ ಪದ್ಮಿನಿ, ಮೊದಮೊದಲ ಮಾರ್ಕ್ ಅಂಬಾಸಿಡರ್‌ಗಳಲ್ಲಿ ಬೂಸ್ಟರ್ ಇರಲೇ ಇಲ್ಲ. ಅವುಗಳ ಪೆಡಲ್ ಈಗಿನ ಕಾರಿನಷ್ಟು ಹಗುರ ಇರುವುದಿಲ್ಲ. ಅದು ದೋಷವಲ್ಲ.

ಕೈ ಹಾಕುವ ಮೊದಲು

ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ. ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಬರೀ ಜಾಕ್ ನಂಬಿ ಗಾಡಿ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಹಾಕಿ. ಎಂಜಿನ್ ಓಡಿಸಿ ನೋಡುವುದಿದ್ದರೆ ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಬೇಡ, ಹೊಗೆ ಪ್ರಾಣ ತೆಗೆಯುತ್ತದೆ. ಸೆರಗು, ದುಪಟ್ಟಾ, ಸಡಿಲ ತೋಳು ಫ್ಯಾನ್ ಬೆಲ್ಟಿನಿಂದ ದೂರ ಇರಲಿ. ಬ್ರೇಕ್ ಆಯಿಲ್ ಪೇಂಟ್ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ. ಹಳೆ ಬ್ರೇಕ್ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಡ್ರಮ್ ತೆಗೆದಾಗ ಆ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಬ್ರೇಕ್ ಮೇಲೆ ಅನುಮಾನ ಇರುವ ಗಾಡಿಯನ್ನು "ನಿಧಾನಕ್ಕೆ ಹೋದರಾಯ್ತು" ಅಂತ ಊರಿನ ರಸ್ತೆಗೆ ಇಳಿಸಬೇಡಿ. ಖಾಲಿ ಮೈದಾನದಲ್ಲಿ, ನಡಿಗೆಯ ವೇಗದಲ್ಲಿ ನೋಡಿದರೆ ಸಾಕು.

ಒಂದು ಪಾನಾ ಕೂಡ ಬೇಡದ ಮೂರು ಪರೀಕ್ಷೆ

ಮೊದಲನೆಯದು. ಎಂಜಿನ್ ಆಫ್ ಇರಲಿ. ಪೆಡಲನ್ನು ಐದಾರು ಸಲ ಒತ್ತಿ ಬಿಡಿ. ಒಳಗೆ ಉಳಿದಿದ್ದ ಎಳೆತ ಮುಗಿದು ಪೆಡಲ್ ಗಟ್ಟಿಯಾಗುತ್ತದೆ. ಈಗ ಕಾಲನ್ನು ಹದವಾಗಿ ಒತ್ತಿ ಹಿಡಿದುಕೊಂಡೇ ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ತಾನಾಗಿ ಸ್ವಲ್ಪ ಕೆಳಗೆ ಇಳಿಯಬೇಕು. ಇಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ ಅಂತ. ಇಳಿಯದಿದ್ದರೆ ಎಳೆತ ಬರುತ್ತಿಲ್ಲ, ಇಲ್ಲವೇ ಬಂದಿದ್ದನ್ನು ಬೂಸ್ಟರ್ ಬಳಸುತ್ತಿಲ್ಲ.

ಎರಡನೆಯದು. ಎಂಜಿನ್ ಒಂದೆರಡು ನಿಮಿಷ ಓಡಿಸಿ ಆಫ್ ಮಾಡಿ. ಸ್ವಲ್ಪ ಹೊತ್ತು ಬಿಟ್ಟು ಪೆಡಲ್ ಒತ್ತಿ. ಮೊದಲ ಸಲ ಆಳಕ್ಕೆ ಹೋಗಬೇಕು, ಎರಡನೇ ಸಲ ಸ್ವಲ್ಪ ಮೇಲೆ, ಮೂರನೇ ಸಲ ಇನ್ನೂ ಮೇಲೆ ನಿಲ್ಲಬೇಕು. ಮೊದಲ ಸಲವೇ ಗಟ್ಟಿ ಇದ್ದರೆ ಬೂಸ್ಟರ್ ಎಳೆತವನ್ನು ಹಿಡಿದಿಡುತ್ತಿಲ್ಲ. ಗಾಳಿಯನ್ನು ಒಂದೇ ಕಡೆಗೆ ಬಿಡುವ ನಾನ್ ರಿಟರ್ನ್ ವಾಲ್ವ್ ಮೇಲೆ ಮೊದಲ ಅನುಮಾನ.

ಮೂರನೆಯದು. ಎಂಜಿನ್ ಓಡುತ್ತಿರುವಾಗ ಪೆಡಲ್ ಒತ್ತಿ ಹಿಡಿಯಿರಿ. ಹಾಗೇ ಹಿಡಿದು ಎಂಜಿನ್ ಆಫ್ ಮಾಡಿ, 30 ಸೆಕೆಂಡ್ ಕಾಯಿರಿ. ಪೆಡಲ್ ಅಲ್ಲಾಡಬಾರದು. ಕಾಲನ್ನು ಮೇಲಕ್ಕೆ ತಳ್ಳಿದರೆ ಬೂಸ್ಟರ್ ಕಡೆ ಎಲ್ಲೋ ಗಾಳಿ ಸೋರುತ್ತಿದೆ. ಕೆಳಗೆ ಜಾರಿದರೆ ತಪ್ಪು ಮಾಸ್ಟರ್ ಸಿಲಿಂಡರ್ ಒಳಗೆ, ಅಥವಾ ಲೈನಿನಲ್ಲಿ ಆಯಿಲ್ ಲೀಕ್ ಇದೆ. ಹಾಗೆ ಜಾರುವ ಗಾಡಿಯನ್ನು ಅಲ್ಲೇ ನಿಲ್ಲಿಸಿ, ಓಡಿಸಬೇಡಿ.

ಪೆಡಲ್ ಯಾವಾಗಲೂ ಗಟ್ಟಿ

ಪೈಪಿನಿಂದ ಶುರು ಮಾಡಿ. ತಣ್ಣಗಿದ್ದಾಗ ಅಲ್ಲ, ಎಂಜಿನ್ ಚೆನ್ನಾಗಿ ಕಾದ ಮೇಲೆ, ಓಡುತ್ತಿರುವಾಗಲೇ ನೋಡಿ. ಬಾಗುವ ಜಾಗದಲ್ಲಿ ಚಪ್ಪಟೆಯಾಗಿದೆಯಾ? ಕ್ಲಿಪ್ ಹತ್ತಿರ ಸೀಳಿದೆಯಾ? ಎಕ್ಸಾಸ್ಟ್‌ಗೆ ತಾಗಿ ಕರಗಿದೆಯಾ? ಹೊರಗೆ ಸರಿ ಕಂಡರೂ ಒಳಗಿನ ಪದರ ಕಿತ್ತು ಬಂದು ದಾರಿ ಮುಚ್ಚುವುದುಂಟು. ಆಮೇಲೆ ಎಂಜಿನ್ ಆಫ್ ಮಾಡಿ, ಪೈಪ್ ಬಿಚ್ಚಿ ಊದಿದರೆ ತಿಳಿಯುತ್ತದೆ. ಹೊಸದು ತರುವಾಗ ಬ್ರೇಕ್ ವ್ಯಾಕ್ಯೂಮ್ ಪೈಪ್ ಅಂತಲೇ ಕೇಳಿ ತನ್ನಿ. ಅದರ ಗೋಡೆ ದಪ್ಪ, ಒಳಗೆ ದಾರದ ಬಲ ಇರುತ್ತದೆ. ಪೆಟ್ರೋಲ್ ಪೈಪ್, ನೀರಿನ ಪೈಪ್ ಬೇಡ.

ಪೈಪ್ ಸರಿ ಇದ್ದರೆ ನಾನ್ ರಿಟರ್ನ್ ವಾಲ್ವ್ ನೋಡಿ. ಇದು ಬೂಸ್ಟರ್ ಮೂತಿಯಲ್ಲಿ ರಬ್ಬರ್ ಬಳೆಯೊಳಗೆ ಕೂತಿರುತ್ತದೆ. ಕೆಲವು ಕಾರುಗಳಲ್ಲಿ ಪೈಪಿನ ಮಧ್ಯೆಯೇ ಇರುತ್ತದೆ. ಗಾಳಿ ಬೂಸ್ಟರ್‌ನಿಂದ ಎಂಜಿನ್ ಕಡೆಗೆ ಹೋಗಬೇಕು, ವಾಪಸ್ ಬರಬಾರದು. ಬಿಚ್ಚಿ, ಒರೆಸಿ, ಬೂಸ್ಟರ್ ಕಡೆಯ ತುದಿಯಿಂದ ಊದಿ. ಹೋಗಬೇಕು. ಎಂಜಿನ್ ಕಡೆಯಿಂದ ಊದಿದರೆ ಹೋಗಬಾರದು. ವಾಲ್ವ್ ಒದ್ದೆ ಇದ್ದರೆ ಬಾಯಿ ಹಾಕಬೇಡಿ, ಅದು ಬ್ರೇಕ್ ಆಯಿಲ್ ಆಗಿರಬಹುದು, ವಿಷ. ಪೈಪ್ ಮಧ್ಯದ ವಾಲ್ವನ್ನು ತಿರುವುಮುರುವು ಹಾಕಿರುವುದನ್ನೂ ಕಂಡಿದ್ದೇನೆ. ಬಾಣದ ಗುರುತು ಎಂಜಿನ್ ಕಡೆಗಿರಬೇಕು. ರಬ್ಬರ್ ಬಳೆ ಒಣಗಿ ಸೀಳಿದ್ದರೆ ಅದನ್ನೂ ಬದಲಿಸಿ. ಅಷ್ಟಕ್ಕೇ ಸರಿಹೋದ ಗಾಡಿಗಳಿವೆ.

ಇಲ್ಲಿಗೂ ಸರಿಯಾಗದಿದ್ದರೆ ವ್ಯಾಕ್ಯೂಮ್ ಗೇಜ್ ಬೇಕು. ಬೂಸ್ಟರ್‌ಗೆ ಹೋಗುವ ಪೈಪಿನ ತುದಿಗೆ ಗೇಜ್ ಹಾಕಿ, ಎಂಜಿನ್ ಸ್ಲೋ ಸ್ಪೀಡಿನಲ್ಲಿ ಓಡಲಿ. ಆರೋಗ್ಯವಾಗಿರುವ ಪೆಟ್ರೋಲ್ ಎಂಜಿನ್ 17ರಿಂದ 22 ಇಂಚು ತೋರಿಸಬೇಕು ಅಂತ ಹಳೆ ಸರ್ವಿಸ್ ಪುಸ್ತಕಗಳು ಹೇಳುತ್ತವೆ. ಆದರೆ ಅದು ಸಮುದ್ರ ಮಟ್ಟದ ಲೆಕ್ಕ. ಪ್ರತಿ ಸಾವಿರ ಅಡಿ ಮೇಲೆ ಹೋದಂತೆ ಸುಮಾರು 1 ಇಂಚು ಕಮ್ಮಿಯಾಗುತ್ತದೆ. ಬೆಂಗಳೂರು ಸುಮಾರು 3,000 ಅಡಿ ಎತ್ತರದಲ್ಲಿದೆ. ಮಂಗಳೂರಿನಲ್ಲಿ 20 ತೋರಿಸುವ ಎಂಜಿನ್ ಬೆಂಗಳೂರಿನಲ್ಲಿ 17 ತೋರಿಸಿದರೆ ಅದು ಕಾಯಿಲೆಯಲ್ಲ. ಮೇಲೆ ಹೇಳಿದ 225 ಕೆಜಿ ಇಲ್ಲಿ 190ರ ಆಸುಪಾಸಿಗೆ ಇಳಿಯುತ್ತದೆ. ಮಡಿಕೇರಿ, ಚಿಕ್ಕಮಗಳೂರಿನಲ್ಲಿ ಇನ್ನೂ ಸ್ವಲ್ಪ ಕಮ್ಮಿ. ಈ ಲೆಕ್ಕ ತಿಳಿಯದೆ ಒಳ್ಳೆ ಎಂಜಿನ್ ಬಿಚ್ಚಿಸಿಕೊಂಡವರಿದ್ದಾರೆ, ಅದಕ್ಕೇ ಇಷ್ಟು ಬಿಡಿಸಿ ಹೇಳಿದೆ.

ಗೇಜ್ ಮುಳ್ಳು ಬೆಂಗಳೂರಿನಲ್ಲೂ 12-13ರಲ್ಲೇ ನಿಂತರೆ ತಪ್ಪು ಬೂಸ್ಟರಿನದ್ದಲ್ಲ, ಎಂಜಿನ್‌ದು. ಟೈಮಿಂಗ್ (ಕಿಡಿ ಹಾರುವ ಸಮಯ) ಹಿಂದಾಗಿರಬಹುದು, ಎಂಜಿನ್‌ಗೆ ಗಾಳಿ-ಪೆಟ್ರೋಲ್ ಹೋಗುವ ಕೊಳವೆ, ಅಂದರೆ ಮ್ಯಾನಿಫೋಲ್ಡ್‌ನ ಗ್ಯಾಸ್ಕೆಟ್ ಸೋರುತ್ತಿರಬಹುದು, ಕಾರ್ಬುರೇಟರ್ ಶಾಫ್ಟ್ ಸವೆದಿರಬಹುದು. ಮುಳ್ಳು ತಾಳ ಹಾಕಿದಂತೆ ಒಂದೇ ಸಮನೆ ಕುಣಿದರೆ ಎಂಜಿನ್ ಒಳಗಿನ ವಾಲ್ವ್ ಸುಟ್ಟಿದೆಯಾ ನೋಡಿಸಿ. ಸೋರಿಕೆ ಹುಡುಕಲು ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಅಥವಾ ಕಾರ್ಬುರೇಟರ್ ಕ್ಲೀನರ್ ಸಿಂಪಡಿಸುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಮಾಡಬೇಡಿ, ಬೆಂಕಿ ಹತ್ತುತ್ತದೆ.

ಗೇಜ್ ಸರಿಯಾಗಿ ತೋರಿಸುತ್ತಿದೆ, ಪೈಪು ವಾಲ್ವು ಸರಿ ಇವೆ, ಆದರೂ ಮೊದಲ ಪರೀಕ್ಷೆಯಲ್ಲಿ ಪೆಡಲ್ ಇಳಿಯುತ್ತಿಲ್ಲ ಅಂದರೆ ಆಗ ಬೂಸ್ಟರ್ ಮೇಲೆ ಬೆರಳು ತೋರಿಸಿ.

ಮೊದಲ ಸಲ ಹಗುರ, ಕೂಡಲೇ ಮತ್ತೆ ಒತ್ತಿದರೆ ಗಟ್ಟಿ

ಇದು ಊರಿನ ಟ್ರಾಫಿಕ್‌ನಲ್ಲಿ ಗೊತ್ತಾಗುತ್ತದೆ. ಎಳೆತ ಬರುತ್ತಿದೆ, ಆದರೆ ತುಂಬಾ ನಿಧಾನಕ್ಕೆ. ಪೈಪಿನಲ್ಲಿ ಅರ್ಧ ತಡೆ, ವಾಲ್ವ್ ಅಂಟಿಕೊಳ್ಳುವುದು, ಮ್ಯಾನಿಫೋಲ್ಡ್ ಮೂತಿಯಲ್ಲಿ ಮಸಿ ಕಟ್ಟಿರುವುದು, ಇವೇ ಕಾರಣ. ಮೂತಿಯ ಮಸಿಯನ್ನು ಎಂಜಿನ್ ಆಫ್ ಮಾಡಿ ಕೆರೆದು ತೆಗೆಯಿರಿ, ಚೂರು ಒಳಗೆ ಬೀಳದಂತೆ ನೋಡಿಕೊಳ್ಳಿ.

ಪೆಡಲ್ ಒತ್ತಿ ಅರೆ ಕ್ಷಣ ತಡವಾಗಿ ಸಹಾಯ ಬಂದರೆ ಇನ್ನೊಂದು ಜಾಗ ನೋಡಿ. ಪೆಡಲ್ ಹಿಂದೆ, ರಾಡ್ ಬೂಸ್ಟರ್ ಒಳಗೆ ಹೋಗುವಲ್ಲಿ ಸ್ಪಂಜಿನಂಥ ಒಂದು ಫಿಲ್ಟರ್ ಇರುತ್ತದೆ. ಹೊರಗಿನ ಗಾಳಿ ಬರುವುದು ಅಲ್ಲಿಂದಲೇ. ಮೂವತ್ತು ನಲವತ್ತು ವರ್ಷದ ಧೂಳು ಅದರಲ್ಲಿ ಕೂತಿರುತ್ತದೆ, ಇಲ್ಲವೇ ಅದೇ ಪುಡಿಯಾಗಿರುತ್ತದೆ.

ಬುಸ್ ಅನ್ನುವ ಸದ್ದು, ಎಂಜಿನ್ ತಡವರಿಸುವುದು

ಪೆಡಲ್ ಒತ್ತಿದ ಕ್ಷಣ ಸಣ್ಣಗೆ ಒಂದು ಉಸಿರಿನಂಥ ಸದ್ದು ಬಂದು ನಿಂತರೆ ಅದು ಸಹಜ. ಗಾಳಿ ಒಳಗೆ ಹೋಗುವ ಸದ್ದು. ಕಾಲನ್ನು ಅಲ್ಲಾಡಿಸದೆ ಹಿಡಿದಾಗಲೂ ಸದ್ದು ನಿಲ್ಲದಿದ್ದರೆ ಡಯಾಫ್ರಮ್ ಹರಿದಿದೆ ಅಥವಾ ಒಳಗಿನ ವಾಲ್ವ್ ಸೀಲ್ ಹೋಗಿದೆ. ಸೋರಿದ ಗಾಳಿ ಎಂಜಿನ್‌ಗೆ ಹೋಗಿ ಮಿಶ್ರಣ ಕೆಡುತ್ತದೆ. ಸಿಗ್ನಲ್‌ನಲ್ಲಿ ಬ್ರೇಕ್ ಹಿಡಿದು ನಿಂತಾಗ ಎಂಜಿನ್ ನಡುಗುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ಜನ ಕಾರ್ಬುರೇಟರ್ ಟ್ಯೂನ್ ಮಾಡಿಸುತ್ತಲೇ ಇರುತ್ತಾರೆ. ರೋಗ ಇರುವುದು ಇಲ್ಲಿ.

ಖಚಿತ ಮಾಡಿಕೊಳ್ಳುವುದು ಸುಲಭ. ಇನ್ನೊಬ್ಬರು ಪೆಡಲ್ ಒತ್ತಿ ಹಿಡಿಯಲಿ. ಎಂಜಿನ್ ನಡುಗುತ್ತಿರುವಾಗ ಪೈಪನ್ನು ಬಟ್ಟೆ ಸುತ್ತಿದ ಇಕ್ಕಳದಿಂದ ಮ್ಯಾನಿಫೋಲ್ಡ್ ಹತ್ತಿರ ಒತ್ತಿ ಮುಚ್ಚಿ. ಎಂಜಿನ್ ತಕ್ಷಣ ಸಮವಾಗಿ ಓಡಿದರೆ ಸೋರಿಕೆ ಆಚೆಗಿದೆ. ಆಮೇಲೆ ಪೈಪನ್ನು ಬೂಸ್ಟರ್‌ನಿಂದ ಕಿತ್ತು ಪೈಪಿನ ಬಾಯಿಯನ್ನು ಹೆಬ್ಬೆರಳಿನಿಂದ ಮುಚ್ಚಿ, ಇಕ್ಕಳ ಬಿಡಿ. ಆಗಲೂ ಎಂಜಿನ್ ಸಮ ಇದ್ದರೆ ಪೈಪ್ ಒಳ್ಳೆಯದು, ಬೂಸ್ಟರ್ ಸೋರುತ್ತಿದೆ. ಮತ್ತೆ ತಡವರಿಸಿದರೆ ಪೈಪ್ ಸೋರುತ್ತಿದೆ.

ಕಾಲು ಇಡದಿದ್ದಾಗಲೇ ಸದ್ದು ಬಂದರೆ ಪೆಡಲ್ ಪೂರ್ತಿ ಮೇಲೆ ಬರುತ್ತಿದೆಯಾ ನೋಡಿ. ರಿಟರ್ನ್ ಸ್ಪ್ರಿಂಗ್ ಸಡಿಲ ಆಗಿರಬಹುದು. ಬ್ರೇಕ್ ಲೈಟ್ ಸ್ವಿಚ್ ಮುಂದಕ್ಕೆ ಬಂದು ಪೆಡಲನ್ನು ಒಂಚೂರು ಒತ್ತಿಯೇ ಇಟ್ಟಿರಬಹುದು.

ಬ್ರೇಕ್ ಆಯಿಲ್ ಇಳಿಯುತ್ತದೆ, ನೆಲದ ಮೇಲೆ ಒಂದು ಹನಿಯೂ ಇಲ್ಲ

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹಳೆ ಕಾರುಗಳಲ್ಲಿ ಹಲವಕ್ಕೆ ಒಂದೇ ಬ್ರೇಕ್ ಲೈನ್. ಅಮೆರಿಕದಲ್ಲಿ ಕೂಡ ಎರಡು ಲೈನ್ ಕಡ್ಡಾಯವಾದದ್ದು 1968ರಲ್ಲಿ. ಒಂದೇ ಲೈನ್ ಇದ್ದರೆ ಆಯಿಲ್ ಮುಗಿದ ದಿನ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ.

ನಾಲ್ಕೂ ಚಕ್ರದ ಒಳಭಾಗ ಒಣಗಿದ್ದರೆ ಮಾಸ್ಟರ್ ಸಿಲಿಂಡರ್ ಹಿಂದಿನ ಸೀಲ್ ಸೋರಿ ಆಯಿಲ್ ಬೂಸ್ಟರ್ ಒಳಗೆ ಸೇರುತ್ತಿರಬಹುದು. ಬೂಸ್ಟರ್ ಮುಂಭಾಗದಲ್ಲಿ, ಮಾಸ್ಟರ್ ಸಿಲಿಂಡರ್ ಕೆಳಗೆ, ಪೇಂಟ್ ಎದ್ದು ತುಕ್ಕಿನ ಗೆರೆ ಇಳಿದಿದೆಯಾ ನೋಡಿ. ಆಮೇಲೆ ಎರಡು ನಟ್ ಬಿಚ್ಚಿ, ಲೋಹದ ಪೈಪ್ ಬಗ್ಗದ ಹಾಗೆ ಮಾಸ್ಟರ್ ಸಿಲಿಂಡರನ್ನು ಮೆಲ್ಲಗೆ ಮುಂದಕ್ಕೆ ಎಳೆದು ಹಿಂದೆ ಬೆರಳಾಡಿಸಿ. ಒದ್ದೆ ಇದ್ದರೆ ಸಿಲಿಂಡರ್ ಕಿಟ್ (ಹೊಸ ರಬ್ಬರ್ ಸೀಲ್‌ಗಳು) ಹಾಕಬೇಕು. ಆಯಿಲ್ ಕುಡಿದ ಡಯಾಫ್ರಮ್ ಉಬ್ಬಿ ಹಾಳಾಗಿರುತ್ತದೆ, ಬೂಸ್ಟರನ್ನೂ ರಿಪೇರಿಗೆ ಕೊಡಬೇಕು.

ಬೂಸ್ಟರ್‌ಗೇ ಸರ್ವೋ ಅಂತಲೂ ಹೆಸರು. ಬ್ರಿಟಿಷ್ ಕಾರುಗಳಲ್ಲಿ ಗರ್ಲಿಂಗ್, ಲಾಕ್‌ಹೀಡ್ ಸರ್ವೋಗಳು ಪೆಡಲ್ ಹತ್ತಿರ ಇರದೆ ಬಾನೆಟ್ ಕೆಳಗೆ ದೂರದಲ್ಲಿ ಕೂತಿರುವುದುಂಟು. ಅವುಗಳ ಒಳಗೇ ಆಯಿಲ್ ಸಿಲಿಂಡರ್ ಇರುತ್ತದೆ. ಅದರ ಸೀಲ್ ಹೋದರೆ ಆ ಬ್ರೇಕ್ ಆಯಿಲನ್ನು ಎಂಜಿನ್ ಹೀರಿ ಸುಡುತ್ತದೆ. ಸೈಲೆನ್ಸರ್‌ನಲ್ಲಿ ದಟ್ಟ ಬಿಳಿ ಹೊಗೆ ಬರುತ್ತದೆ. ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತ ಎಂಜಿನ್ ಹೆಡ್ ಬಿಚ್ಚುವ ಮೊದಲು ಸರ್ವೋ ಪೈಪ್ ತೆಗೆದು ಒಳಗೆ ಒದ್ದೆ ಇದೆಯಾ ನೋಡಿ.

ಕಾಲು ತೆಗೆದರೂ ಬ್ರೇಕ್ ಬಿಡುವುದಿಲ್ಲ

ಗಾಡಿ ಎಳೆಯುತ್ತದೆ, ಚಕ್ರ ಬಿಸಿ, ಸುಟ್ಟ ವಾಸನೆ. ಹತ್ತು ಹದಿನೈದು ಕಿಲೋಮೀಟರ್ ಹೋದ ಮೇಲೆ ಜಾಸ್ತಿ. ಬಿಸಿ ಡ್ರಮ್ ಮುಟ್ಟಬೇಡಿ, ನೀರನ್ನೂ ಹಾಕಬೇಡಿ.

ಒಂದೇ ಚಕ್ರ ಬಿಸಿ ಇದ್ದರೆ ಬೂಸ್ಟರ್ ಬಿಟ್ಟುಬಿಡಿ. ಅಲ್ಲಿನ ಕ್ಯಾಲಿಪರ್, ವೀಲ್ ಸಿಲಿಂಡರ್ ಅಥವಾ ಒಳಗೆ ಊದಿಕೊಂಡ ರಬ್ಬರ್ ಹೋಸ್ ನೋಡಿ. ಎಲ್ಲ ಚಕ್ರ ಬಿಸಿ ಇದ್ದರೆ ಮೊದಲು ಪೆಡಲ್ ಆಟ ನೋಡಿ. ಕೈಯಲ್ಲಿ ಒತ್ತಿದಾಗ ತುಸು ಸಡಿಲ ಸಿಗಬೇಕು. ಆಟ ಸರಿಯಿದ್ದೂ ಬ್ರೇಕ್ ಹಿಡಿದೇ ಇದ್ದರೆ, ಹಿಡಿದಿರುವಾಗಲೇ ಮಾಸ್ಟರ್ ಸಿಲಿಂಡರಿನ ನಟ್‌ಗಳನ್ನು ಸಡಿಲಿಸಿ ಬೂಸ್ಟರ್‌ನಿಂದ ಒಂದೆರಡು ಮಿಲಿಮೀಟರ್ ಮುಂದೆ ಸರಿಸಿ. ಚಕ್ರ ಬಿಟ್ಟುಕೊಂಡರೆ ನಡುವಿನ ಪುಶ್ ರಾಡ್ ಉದ್ದ ಜಾಸ್ತಿಯಾಗಿದೆ. ಅದು ಪಿಸ್ಟನ್ನನ್ನು ಪೂರ್ತಿ ಹಿಂದೆ ಬರಲು ಬಿಡುವುದಿಲ್ಲ, ಆಯಿಲ್ ವಾಪಸ್ ಹೋಗುವ ಸಣ್ಣ ತೂತು ಮುಚ್ಚಿಯೇ ಇರುತ್ತದೆ. ಬೇರೆ ಕಾರಿನ ಬೂಸ್ಟರ್ ತಂದು ಕೂರಿಸಿದಾಗ ಈ ತೊಂದರೆ ಬರುವುದು ಜಾಸ್ತಿ. ರಾಡ್ ಅಳತೆ ನಿಮ್ಮ ಕಾರಿನ ಪುಸ್ತಕದ ಪ್ರಕಾರವೇ ಇಡಿ. ಕಣ್ಣಂದಾಜು ಸಾಲದು.

ಸರಿಸಿದರೂ ಬಿಡದಿದ್ದರೆ ರಿಸರ್ವಾಯರ್ ಮುಚ್ಚಳದ ರಬ್ಬರ್ ನೋಡಿ. ಉಬ್ಬಿ ಮೆತ್ತಗಾಗಿದ್ದರೆ ಯಾರೋ ಎಂಜಿನ್ ಆಯಿಲ್ ಅಥವಾ ಸ್ಟೀರಿಂಗ್ ಆಯಿಲ್ ಸುರಿದಿದ್ದಾರೆ. ಪೆಟ್ರೋಲ್‌ನಲ್ಲಿ ಸೀಲ್ ತೊಳೆದರೂ ಹೀಗೇ ಆಗುತ್ತದೆ. ಆಗ ಲೈನ್ ತೊಳೆದು, ಇಡೀ ಬ್ರೇಕಿನ ರಬ್ಬರ್ ಎಲ್ಲ ಹೊಸದಾಗಬೇಕು. ಬೇರೆ ದಾರಿ ಇಲ್ಲ.

ಪೆಡಲ್ ಸ್ಪಂಜಿನಂತೆ, ಅಥವಾ ಗಾಡಿ ಒಂದು ಕಡೆ ಎಳೆಯುತ್ತದೆ

ಬೂಸ್ಟರ್ ಅಲ್ಲ. ಸ್ಪಂಜಿನಂತಿದ್ದರೆ ಲೈನಿನಲ್ಲಿ ಗಾಳಿ, ಬ್ಲೀಡ್ ಮಾಡಿಸಿ ಅದನ್ನು ಹೊರಗೆ ತೆಗೆಸಿ. ತುಂಬಾ ಕೆಳಗೆ ಹೋಗಿ ಗಟ್ಟಿಯಾದರೆ ಡ್ರಮ್ ಅಡ್ಜಸ್ಟ್ ಮಾಡಿಸಿ. ಒಂದು ಕಡೆ ಎಳೆದರೆ ಚಕ್ರದ ಬಳಿ ಹುಡುಕಿ.

ಹಳೆ ಬೆಂಜ್ ಡೀಸೆಲ್: ಕೀ ತೆಗೆದರೂ ಎಂಜಿನ್ ನಿಲ್ಲುವುದಿಲ್ಲ

ಡಬ್ಲ್ಯು 123 ಮರ್ಸಿಡಿಸ್ ಡೀಸೆಲ್ ಇಟ್ಟುಕೊಂಡವರಿಗೆ ಇದು ದೊಡ್ಡ ಸುಳಿವು. ಈ ಎಂಜಿನ್‌ನ ಮ್ಯಾನಿಫೋಲ್ಡ್‌ನಲ್ಲಿ ಸಾಕಷ್ಟು ಎಳೆತ ಸಿಗುವುದಿಲ್ಲ, ಅದಕ್ಕೇ ಬೇರೆ ಪಂಪ್ ಇದೆ. ಅದೇ ಪಂಪ್ ಬ್ರೇಕಿಗೂ ಬೇಕು, ಎಂಜಿನ್ ನಿಲ್ಲಿಸುವುದಕ್ಕೂ ಬೇಕು. ಸೆಂಟ್ರಲ್ ಲಾಕ್ ಇದ್ದರೆ ಅದಕ್ಕೂ ಅದೇ. ಎಂಜಿನ್ ನಿಲ್ಲುವುದಿಲ್ಲ, ಬ್ರೇಕ್ ಮಾತ್ರ ಚೆನ್ನಾಗಿದೆ ಅಂದರೆ ಸಣ್ಣ ಕವಲು ಪೈಪ್ ಯಾವುದೋ ಸೋರುತ್ತಿದೆ. ಬ್ರೇಕ್ ಕೂಡ ಗಟ್ಟಿಯಾಗಿದ್ದರೆ ದೊಡ್ಡ ಪೈಪ್ ಅಥವಾ ಪಂಪ್. ಆಗ ಗಾಡಿ ಓಡಿಸಬೇಡಿ. ಬಾನೆಟ್ ಕೆಳಗೆ ಸ್ಟಾಪ್ ಎಂದು ಬರೆದ ಲಿವರ್ ಒತ್ತಿದರೆ ಎಂಜಿನ್ ನಿಲ್ಲುತ್ತದೆ.

ಘಾಟಿ ಇಳಿಯುವಾಗ ಮಾತ್ರ ಬರುವ ತೊಂದರೆ

ಚಾರ್ಮಾಡಿ, ಆಗುಂಬೆ ಇಳಿಯುವಾಗ ಪೆಡಲ್ ಗಟ್ಟಿ ಇದ್ದೂ ಗಾಡಿ ನಿಲ್ಲದಿದ್ದರೆ, ಜೊತೆಗೆ ಸುಟ್ಟ ವಾಸನೆ ಬಂದರೆ, ಲೈನರ್ ಕಾದು ಹಿಡಿತ ಬಿಟ್ಟಿದೆ. ಬೂಸ್ಟರ್ ಬದಲಿಸಿದರೆ ಇದು ಹೋಗುವುದಿಲ್ಲ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಅರ್ಧ ಗಂಟೆ ತಣಿಯಲು ಬಿಡಿ, ಆಮೇಲೆ ಸೆಕೆಂಡ್ ಗೇರಿನಲ್ಲಿ ಇಳಿಯಿರಿ.

ಪೆಟ್ರೋಲ್ ಉಳಿಸಲು ಎಂಜಿನ್ ಆಫ್ ಮಾಡಿ ಇಳಿಸುವವರನ್ನು ಈಗಲೂ ನೋಡುತ್ತೇನೆ. ಬೂಸ್ಟರ್‌ನಲ್ಲಿ ಉಳಿದಿರುವ ಎಳೆತ ಎರಡು ಮೂರು ಸಲ ಒತ್ತುವಷ್ಟು ಮಾತ್ರ. ನಾಲ್ಕನೇ ತಿರುವಿಗೆ ಪೆಡಲ್ ಕಲ್ಲಾಗುತ್ತದೆ. ಯಾವ ಕಾರಣಕ್ಕೂ ಹಾಗೆ ಮಾಡಬೇಡಿ.

ಬೂಸ್ಟರೇ ಹೋಗಿದೆ ಅಂತ ಖಚಿತವಾದರೆ

ಬಿಚ್ಚಿ ಹೊರಗೆ ತೆಗೆಯುವವರೆಗೆ ಮನೆಯಲ್ಲೇ ಮಾಡಬಹುದು. ಡಬ್ಬಿ ತೆರೆಯುವುದು ಬೇಡ. ಒಳಗೆ ಬಲವಾದ ಸ್ಪ್ರಿಂಗ್ ಇದೆ, ಮುಚ್ಚಳ ಚಿಮ್ಮಿ ಮುಖಕ್ಕೆ ಬಡಿಯುತ್ತದೆ. ಅದಕ್ಕೆ ತಕ್ಕ ಹಿಡಿಕೆ, ಪ್ರೆಸ್ ಇರುವ, ಬೂಸ್ಟರ್ ರಿಪೇರಿಯನ್ನೇ ಮಾಡುವವರಿಗೆ ಕೊಡಿ. ಹಳೆಯದನ್ನು ಗುಜರಿಗೆ ಹಾಕಬೇಡಿ. ನಿಮ್ಮ ಕಾರಿಗೆ ಸರಿಯಾಗಿ ಕೂರುವ ಡಬ್ಬಿ ಅದೊಂದೇ ಇರಬಹುದು.

1950ರ ದಶಕದ ಕೆಲವು ದೊಡ್ಡ ಅಮೆರಿಕನ್ ಕಾರುಗಳಲ್ಲಿ ಬೆಂಡಿಕ್ಸ್ ಟ್ರೆಡಲ್-ವ್ಯಾಕ್ ಎಂಬ ಘಟಕ ಇದೆ. ಅದರಲ್ಲಿ ಬೂಸ್ಟರೂ ಮಾಸ್ಟರ್ ಸಿಲಿಂಡರೂ ಒಂದೇ. ಒಳಗಿನ ಸೀಲ್ ಕೆಟ್ಟರೆ ಸಹಾಯ ಮಾತ್ರ ಅಲ್ಲ, ಬ್ರೇಕೇ ಹೋಗಬಹುದು. ಅಂಥ ಗಾಡಿಯಲ್ಲಿ ಸಣ್ಣ ಲಕ್ಷಣ ಕಂಡರೂ ಪ್ರಯೋಗ ಬೇಡ, ಟೋ ಮಾಡಿಸಿ.

ರಿಪೇರಿ ಆಗಿ ಬಂದ ಬೂಸ್ಟರ್ ಕೂರಿಸಿದ ಮೇಲೆ ರಾಡ್ ಅಳತೆ ಮತ್ತೆ ನೋಡಿ, ಲೈನ್ ಬಿಚ್ಚಿದ್ದರೆ ಎಂಜಿನ್ ಆಫ್ ಇಟ್ಟು ಬ್ಲೀಡ್ ಮಾಡಿ. ಮೇಲಿನ ಮೂರು ಪರೀಕ್ಷೆ ಮತ್ತೊಮ್ಮೆ ಮಾಡಿ. ಖಾಲಿ ಜಾಗದಲ್ಲಿ ಹತ್ತು ಸಲ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಕೈ ಒಯ್ದು ಬಿಸಿ ಒಂದೇ ಸಮ ಇದೆಯಾ ನೋಡಿ. ಒಂದು ವಾರ ಬಿಟ್ಟು, ಎಂಜಿನ್ ಬಿಸಿ ಇರುವಾಗ, ಆ ಪೈಪನ್ನು ಇನ್ನೊಮ್ಮೆ ಮುಟ್ಟಿ ನೋಡಿ.